ಓದು ಹತ್ತದ ಎಳೆಯರು: ಒಂದು ಸಮೀಕ್ಷೆ

ನಾಲ್ಕನೆಯ ತರಗತಿಯ ಕನ್ನಡ ಪಠ್ಯಪುಸ್ತಕವನ್ನು ಕೈಯಲ್ಲಿ ಹಿಡಿದು, ತಾನು ಹಲವು ಬಾರಿ ಕೇಳಿದ ಪಾಠವನ್ನು ಎಲ್ಲಿಯೂ ತಡೆಯದೆ ಒಪ್ಪಿಸಬಲ್ಲ ಬಾಲಕನೊಬ್ಬನು, ಅದೇ ಪುಸ್ತಕದಲ್ಲಿ ಇನ್ನೂ ನಡೆಯದಿರುವ ಪಾಠವೊಂದನ್ನು ತೆರೆದು ಮುಂದಿಟ್ಟೊಡನೆ ಮೊದಲ ಸಾಲಿನಲ್ಲಿಯೇ ತೊಡರಿ ನಿಲ್ಲುವುದನ್ನು ನಮ್ಮ ಪ್ರಾಥಮಿಕ ಶಾಲೆಗಳ ಪರಿಚಯವುಳ್ಳವರೆಲ್ಲರೂ ಬಲ್ಲರು. ಅವನ ಬುದ್ಧಿಯಲ್ಲಿ ಕೊರತೆಯಿಲ್ಲವೆಂಬುದಕ್ಕೆ ಅವನ ಜ್ಞಾಪಕಶಕ್ತಿಯೇ ಸಾಕ್ಷಿ; ಶ್ರದ್ಧೆಯಿಲ್ಲವೆನ್ನೋಣವೆಂದರೆ, ಓದಲು ಬಾರದುದನ್ನು ಮೂರು ವರ್ಷಗಳ ಕಾಲ ಇತರರಿಗೆ ತಿಳಿಯದಂತೆ ಮರೆಮಾಚಿಕೊಂಡು ಬರುವುದಕ್ಕೆ ಬೇಕಾದ ಶ್ರದ್ಧೆಯಾದರೂ ಸಾಮಾನ್ಯವೆ? ಇಂತಹ ಮಗುವನ್ನು ಕುರಿತು ‘ವಿದ್ಯೆ ತಲೆಗೆ ಹತ್ತಲಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ಬಹುಕಾಲದ ರೂಢಿ. ಆ ಮಾತು ತಪ್ಪನ್ನು ಮಗುವಿನ ತಲೆಯ ಮೇಲೆ ಹೊರಿಸಿ, ಕಲಿಸುವವನನ್ನೂ ಕಲಿಸುವ ಕಾಲವನ್ನೂ ಕ್ರಮವನ್ನೂ ವಿಚಾರಣೆಯಿಂದ ಪಾರುಮಾಡುತ್ತದೆ. ಹಿಂದುಳಿಯುವ ಎಳೆಯ ಓದುಗನಿಗೆ ನೆರವು ಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಅದು ಯಾವಾಗ ಸಲ್ಲಬೇಕು, ಯಾರಿಂದ ಸಲ್ಲಬೇಕು, ಕನ್ನಡದಂತಹ ಲಿಪಿಯನ್ನು ಕಲಿಯುವ ಮಗುವಿಗೆ ಯಾವ ಬಗೆಯಲ್ಲಿ ಸಲ್ಲಬೇಕು ಎಂಬಲ್ಲಿ ಮಾತ್ರ ಮತಭೇದ, ಮತ್ತು ಬಹುಮಟ್ಟಿಗೆ ಅಲಕ್ಷ್ಯ, ಉಳಿದಿದೆ.

ಮೊದಲು ಪರಿಸ್ಥಿತಿಯ ಪ್ರಮಾಣವನ್ನು ನೋಡೋಣ. 1995ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸವನ್ನಾರಂಭಿಸಿದ ‘ಪ್ರಥಮ್’ ಸಂಸ್ಥೆಯು 2005ರಿಂದೀಚೆಗೆ ‘ಅಸರ್’ ಎಂಬ ಹೆಸರಿನಲ್ಲಿ ಗ್ರಾಮಾಂತರ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುತ್ತ ಬಂದಿದೆ. ಇದರ ಕ್ರಮ ಬಲು ಸರಳ: ಮಗುವಿನ ಮನೆಗೇ ಹೋಗಿ, ಒಂದೇ ಹಾಳೆಯಲ್ಲಿ ಮುದ್ರಿಸಿದ ಬಿಡಿ ಅಕ್ಷರಗಳನ್ನೂ ಪದಗಳನ್ನೂ ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲುಗಳನ್ನೂ ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆಯೊಂದನ್ನೂ ಮುಂದಿಟ್ಟು, ಗಟ್ಟಿಯಾಗಿ ಓದಿಸುವುದು. ಮೂರನೆಯ ತರಗತಿಯ ಮಕ್ಕಳಲ್ಲಿ ಈ ಕಥೆಯನ್ನು ಓದಬಲ್ಲವರು 2018ರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 27 ಮಂದಿ. ಕೊರೋನಾ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಸುಮಾರು 20. 2024ರಲ್ಲಿ ಪುನಃ 27. ಐದನೆಯ ತರಗತಿಯನ್ನು ಮುಟ್ಟಿದವರಲ್ಲಿಯೂ 2024ರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಂದಿಯೇ ಅದನ್ನು ಓದಿದರು. ಕರ್ನಾಟಕದ ಮೂರನೆಯ ತರಗತಿಯ ಲೆಕ್ಕ 2018ರಲ್ಲಿ ನೂರಕ್ಕೆ 19ರಷ್ಟಿದ್ದುದು 2022ರಲ್ಲಿ 9ಕ್ಕಿಂತಲೂ ಕೆಳಗಿಳಿದಿತ್ತು. ಸಾಂಕ್ರಾಮಿಕದ ಮೇಲೆ ಎಲ್ಲವನ್ನೂ ಹೊರಿಸುವವರು, ಅದಕ್ಕೆ ಮೊದಲೂ ಐವರಲ್ಲಿ ನಾಲ್ವರು ಹಿಂದುಳಿದೇ ಇದ್ದರೆಂಬುದನ್ನು ಗಮನಿಸತಕ್ಕದ್ದು. ಈ ಬಗೆಯ ಸಮೀಕ್ಷೆಯ ನಿಖರತೆಯನ್ನು ಕುರಿತು ಆಕ್ಷೇಪಗಳುಂಟು, ಮತ್ತು ಅವುಗಳಲ್ಲಿ ಕೆಲವು ಸಾಧುವೂ ಹೌದು. ಆದರೆ ಅಂಕಿಗಳನ್ನು ಎಷ್ಟು ಉದಾರವಾಗಿ ತಿದ್ದಿದರೂ ಚಿತ್ರದ ಬಣ್ಣ ಬದಲಾಗುವುದಿಲ್ಲ.

ಹಿಂದಿನ ಕೂಲಿಮಠಗಳ ಕಾಲದಲ್ಲಿ ಈ ಸಮಸ್ಯೆಯಿರಲಿಲ್ಲವೆಂದು ಕೆಲವರೆನ್ನುವರು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸಿ, ಅದು ಕೈಗೆ ಹತ್ತಿದ ಮೇಲೆಯೇ ಮುಂದಿನದಕ್ಕೆ ಹೋಗುವ ಐಗಳ ಕ್ರಮದಲ್ಲಿ ಒಂದು ಗುಣವಿದ್ದಿತು: ಪ್ರತಿಯೊಬ್ಬನೂ ತನ್ನ ನಡಿಗೆಯಲ್ಲಿ ಮುಂದೆ ಹೋಗುತ್ತಿದ್ದನು, ಮುಂದೆ ಹೋದವನು ಹಿಂದಿನವನಿಗೆ ತಿದ್ದಿಸುತ್ತಿದ್ದನು. ಆದರೆ ಆ ಮಠದ ಬಾಗಿಲಿಗೆ ಬಂದವರು ಊರಿನ ಮಕ್ಕಳಲ್ಲಿ ಎಷ್ಟು ಮಂದಿ, ಬಂದವರಲ್ಲಿ ಬೆತ್ತಕ್ಕೆ ಹೆದರಿ ಬಿಟ್ಟುಹೋದವರೆಷ್ಟು ಎಂದು ಕೇಳಿದರೆ ಆ ಹೊಗಳಿಕೆ ಅಲ್ಲಿಗೇ ನಿಲ್ಲುತ್ತದೆ. ತರುವಾಯ ಬಂದ ಸರ್ಕಾರೀ ಶಾಲೆಯು ವಯಸ್ಸಿಗನುಸಾರವಾಗಿ ತರಗತಿಗಳನ್ನು ಕಟ್ಟಿ, ಇಡೀ ತರಗತಿಗೆ ಒಂದೇ ಪಾಠ, ವರ್ಷದ ಕೊನೆಗೆ ಒಂದೇ ಪರೀಕ್ಷೆ ಎಂಬ ಏರ್ಪಾಡನ್ನು ತಂದಿತು. ಹಿಂದುಳಿದವನಿಗೆ ಆಗ ಇದ್ದ ಉಪಾಯ ಒಂದೇ: ಅದೇ ತರಗತಿಯಲ್ಲಿ ಅದೇ ಪಾಠವನ್ನು ಅದೇ ರೀತಿಯಲ್ಲಿ ಇನ್ನೊಂದು ವರ್ಷ ಕೇಳುವುದು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಗುವನ್ನು ಹಿಂದೆ ನಿಲ್ಲಿಸುವುದನ್ನು ತಡೆಯಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ನಿಲ್ಲಿಸುವ ಅಧಿಕಾರವನ್ನು ರಾಜ್ಯಗಳಿಗೆ ಮರಳಿ ಕೊಟ್ಟಿತು. ಇದನ್ನು ಕುರಿತು ನಮ್ಮಲ್ಲಿ ನಡೆದಿರುವ ವಾಗ್ವಾದಕ್ಕೆ ಮಿತಿಯಿಲ್ಲ. ಈ ಲೇಖಕನ ಎಣಿಕೆಯಲ್ಲಿ ಅದು ವ್ಯರ್ಥವಾದ. ಓದಲು ಬಾರದ ಮಗುವನ್ನು ಕೆಳಗೆ ನಿಲ್ಲಿಸಿದರೂ ಮೇಲಕ್ಕೆ ದೂಡಿದರೂ, ಆ ಎರಡು ಕ್ರಿಯೆಗಳಲ್ಲಿ ಯಾವುದೂ ಓದಿಸುವ ಕ್ರಿಯೆಯಲ್ಲ.

ಮೊದಲ ವರ್ಷಗಳಲ್ಲಿಯೇ ಹಿಂದುಳಿದವನನ್ನು ಗುರುತಿಸಿ, ಆ ಕೂಡಲೆ ನೆರವಾಗಬೇಕೆಂಬ ವಿಚಾರವನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದ ಕೀರ್ತಿ ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬ ವಿದುಷಿಗೆ ಸಲ್ಲುತ್ತದೆ. ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿದ್ದ ಈಕೆ 1970ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, ಶಾಲೆಗೆ ಸೇರಿ ಒಂದು ವರ್ಷವಾದ, ಆರು ವಯಸ್ಸಿನ, ತರಗತಿಯಲ್ಲಿ ಎಲ್ಲರಿಗಿಂತ ಹಿಂದಿರುವ ಮಕ್ಕಳನ್ನು ಆರಿಸಿಕೊಂಡು, ವಿಶೇಷ ತರಬೇತಿ ಪಡೆದ ಶಿಕ್ಷಕಿಯು ಪ್ರತಿದಿನವೂ ಅರ್ಧ ಗಂಟೆಯ ಕಾಲ ಒಂದೊಂದೇ ಮಗುವಿನೊಡನೆ ಕುಳಿತು, ಹನ್ನೆರಡರಿಂದ ಇಪ್ಪತ್ತು ವಾರಗಳವರೆಗೆ ಓದಿಸಿ ಬರೆಯಿಸುತ್ತಿದ್ದಳು. ಮಗು ಓದುತ್ತಿರುವಾಗ ಅದರ ಪ್ರತಿಯೊಂದು ತಪ್ಪನ್ನೂ, ತಾನೇ ತಿದ್ದಿಕೊಂಡ ಪ್ರತಿಯೊಂದು ಪದವನ್ನೂ ಗುರುತುಹಾಕಿಕೊಳ್ಳುವ ಒಂದು ಪದ್ಧತಿಯನ್ನೂ ಈಕೆ ಕಲಿಸಿದಳು. ಈ ಕ್ರಮ 1984ರಲ್ಲಿ ಅಮೆರಿಕೆಯ ಒಹಾಯೋ ಸಂಸ್ಥಾನವನ್ನು ಹೊಕ್ಕು, ಅಲ್ಲಿಂದ ಹಲವು ಆಂಗ್ಲಭಾಷಾ ದೇಶಗಳಿಗೆ ಹಬ್ಬಿತು. ಅವಸರಕ್ಕೆ ಆಧಾರವಿಲ್ಲದಿರಲಿಲ್ಲ. 1988ರಲ್ಲಿ ಕಾನಿ ಜೂಯಲ್ ಎಂಬ ಸಂಶೋಧಕಿಯು ಅಮೆರಿಕೆಯ ಒಂದು ಶಾಲೆಯ ಮಕ್ಕಳನ್ನು ಒಂದನೆಯ ತರಗತಿಯಿಂದ ನಾಲ್ಕನೆಯದರವರೆಗೆ ಹಿಂಬಾಲಿಸಿ, ಮೊದಲ ವರ್ಷದ ಕೊನೆಗೆ ಓದಿನಲ್ಲಿ ದುರ್ಬಲನಾಗಿದ್ದವನು ನಾಲ್ಕನೆಯ ವರ್ಷದ ಕೊನೆಗೂ ದುರ್ಬಲನಾಗಿಯೇ ಉಳಿಯುವ ಸಂಭವ ನೂರಕ್ಕೆ 88 ಎಂದು ಕಂಡುಕೊಂಡಳು. ಅದಕ್ಕೆ ಎರಡು ವರ್ಷ ಮೊದಲು ಕೀತ್ ಸ್ಟಾನೊವಿಚ್ ಎಂಬಾತನು ಇದರ ಕಾರಣವನ್ನು ವಿವರಿಸಿದ್ದನು: ಓದಬಲ್ಲವನು ಹೆಚ್ಚು ಓದುತ್ತಾನೆ, ಹೆಚ್ಚು ಓದಿದುದರಿಂದ ಅವನ ಶಬ್ದಸಂಪತ್ತೂ ವೇಗವೂ ವೃದ್ಧಿಯಾಗುತ್ತವೆ, ಓದಲಾರದವನು ಓದನ್ನು ತಪ್ಪಿಸಿಕೊಳ್ಳುತ್ತಾನೆ, ಅದರಿಂದಲೇ ಇನ್ನಷ್ಟು ಹಿಂದೆ ಬೀಳುತ್ತಾನೆ, ಆರಂಭದಲ್ಲಿ ಬೆರಳಗಲವಿದ್ದ ಅಂತರ ವರ್ಷಗಳು ಸಂದಂತೆ ಕಂದರವಾಗುತ್ತದೆ.

ಆದರೆ ಕ್ಲೇಯವರ ಕ್ರಮದ ಮುಂದಿನ ಇತಿಹಾಸವೂ ತಿಳಿದಿರಬೇಕಾದದ್ದೆ. ಮಗು ಪದವೊಂದರ ಮುಂದೆ ನಿಂತಾಗ ಚಿತ್ರವನ್ನೂ ವಾಕ್ಯದ ಅರ್ಥವನ್ನೂ ನೋಡಿ ಊಹಿಸುವಂತೆ ಪ್ರೋತ್ಸಾಹಿಸುವುದು ಅದರ ಒಂದು ಅಂಗವಾಗಿದ್ದಿತು. ಬಲ್ಲ ಓದುಗನು ಊಹಿಸುವುದಿಲ್ಲ, ಅಕ್ಷರಗಳನ್ನೇ ಕ್ಷಿಪ್ರವಾಗಿ ಗ್ರಹಿಸುತ್ತಾನೆ, ಊಹೆ ದುರ್ಬಲನ ಊರುಗೋಲು ಎಂದು ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ಮೇಲೆ ಅದರ ಬುಡ ಅಲುಗಿತು. ಅಮೆರಿಕೆಯಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು ಮೊದಲ ವರ್ಷದಲ್ಲಿ ಗಣನೀಯವಾದ ಲಾಭವನ್ನು ತೋರಿಸಿದ್ದರೂ, ಅದೇ ಮಕ್ಕಳನ್ನು ಮೂರು ಮತ್ತು ನಾಲ್ಕನೆಯ ತರಗತಿಗಳವರೆಗೆ ಹಿಂಬಾಲಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ನೆರವನ್ನು ಪಡೆದವರು ಕೂದಲೆಳೆಯಷ್ಟರಲ್ಲಿ ಅದು ತಪ್ಪಿಹೋದ ಸಹಪಾಠಿಗಳಿಗಿಂತ ಕೆಳಗಿದ್ದರು. ಕಾರಣವನ್ನು ಕುರಿತು ಪಂಡಿತರಲ್ಲಿ ಒಮ್ಮತವಿಲ್ಲ. ಊಹೆಯ ಅಭ್ಯಾಸವೇ ಕಾಲೊಡ್ಡಿತೆಂದು ಕೆಲವರು, ನೆರವು ಒಮ್ಮೆ ಮುಗಿದ ಮೇಲೆ ಯಾರೂ ಹಿಂತಿರುಗಿ ನೋಡಲಿಲ್ಲವೆಂದು ಕೆಲವರು. ಎರಡನೆಯ ಕಾರಣವೇ ನಮಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. ಕ್ಲೇಯವರ ಊಹೆಯ ಪಾಠವನ್ನು ಬಿಟ್ಟುಬಿಡಬಹುದು. ಮಗುವಿನ ಪಕ್ಕದಲ್ಲಿ ಕುಳಿತು ಅದು ಎಲ್ಲಿ ಎಡವುತ್ತದೆಂಬುದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಬಿಡುವಂತಿಲ್ಲ.

ಇಂಗ್ಲಿಷಿನ ಓದನ್ನು ಕುರಿತ ಈ ಜಗಳ, ಅಕ್ಷರಧ್ವನಿಗಳಿಂದ ಹೊರಡಬೇಕೋ ಇಡಿಯ ಪದದಿಂದ ಹೊರಡಬೇಕೋ ಎಂಬುದು, ಅಲ್ಲಿಯ ಬರೆವಣಿಗೆಯ ಅವ್ಯವಸ್ಥೆಯಿಂದ ಹುಟ್ಟಿದ್ದು. ಯೂರೋಪಿನ ಹದಿಮೂರು ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಾರಂಭದ ಓದನ್ನು ಕೈವಶಮಾಡಿಕೊಳ್ಳಲು ಇಂಗ್ಲಿಷಿನ ಮಗುವಿಗೆ ಇತರರಲ್ಲಿ ಬಹುಮಂದಿಗಿಂತ ಎರಡೂವರೆ ಪಾಲಿನಷ್ಟು ಕಾಲ ಬೇಕು. ನುಡಿದಂತೆ ಬರೆಯುವ ಫಿನ್ನಿಷ್ ಭಾಷೆಯ ಮಕ್ಕಳಲ್ಲಿ ಬಹುಮಂದಿ ಒಂದನೆಯ ತರಗತಿ ಮುಗಿಯುವ ಮೊದಲೇ ಯಾವ ಪದವನ್ನು ಕೊಟ್ಟರೂ ಓದುತ್ತಾರೆ. ಫಿನ್ಲೆಂಡಿನಲ್ಲಿ ಇನ್ನೊಂದು ವಿಶೇಷವುಂಟು. ಅಲ್ಲಿ ಹಿಂದುಳಿದ ಮಗುವಿಗೆ ವಿಶೇಷ ಶಿಕ್ಷಕನ ಅಲ್ಪಕಾಲದ ನೆರವು ದೊರೆಯಲು ವೈದ್ಯನ ಪ್ರಮಾಣಪತ್ರವಾಗಲಿ ನ್ಯೂನತೆಯ ಹೆಸರಾಗಲಿ ಬೇಕಿಲ್ಲ, ಎಡವಿದುದಷ್ಟೇ ಅರ್ಹತೆ. ಎಷ್ಟೋ ಮಕ್ಕಳು ಆ ಕೊಠಡಿಗೆ ಹೋಗಿಬರುವುದರಿಂದ ಹೋಗಿಬರುವುದರಲ್ಲಿ ಅವಮಾನವೂ ಇಲ್ಲ.

ಕನ್ನಡವೂ ಬಹುಮಟ್ಟಿಗೆ ನುಡಿದಂತೆ ಬರೆಯುವ ಭಾಷೆಯೇ ಅಲ್ಲವೆ, ಹಾಗಿದ್ದಲ್ಲಿ ನಮ್ಮ ಮಕ್ಕಳು ಫಿನ್ಲೆಂಡಿನ ಮಕ್ಕಳಂತೆ ಒಂದು ವರ್ಷದಲ್ಲಿ ಓದಬಾರದೇಕೆ ಎಂದು ಕೇಳುವುದು ಸಹಜ. ಉತ್ತರ ನಮ್ಮ ಲಿಪಿಯ ಸ್ವರೂಪದಲ್ಲಿದೆ. ಆಶ್ಚರ್ಯವೆಂದರೆ, ಅಕ್ಷರ ಬಲ್ಲವರಾದ ನಮಗೆ ಆ ಸ್ವರೂಪ ಕಣ್ಣಿಗೇ ಬೀಳುವುದಿಲ್ಲ. ವರ್ಣಮಾಲೆಯಲ್ಲಿ ನಲವತ್ತೊಂಬತ್ತು ಅಕ್ಷರಗಳೆಂದು ನಾವು ಎಣಿಸುತ್ತೇವೆ. ಆದರೆ ಮಗುವಿನ ಕಣ್ಣು ಪುಟದ ಮೇಲೆ ಸಂಧಿಸುವುದು ಈ ನಲವತ್ತೊಂಬತ್ತನ್ನಲ್ಲ. ಮೂವತ್ತನಾಲ್ಕು ವ್ಯಂಜನಗಳಲ್ಲಿ ಪ್ರತಿಯೊಂದೂ ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಮೊದಲಾದ ಚಿಹ್ನೆಗಳನ್ನು ಧರಿಸಿ ಕಾಗುಣಿತದಲ್ಲಿ ರೂಪಾಂತರ ಹೊಂದುವಾಗ ಆಕೃತಿಗಳ ಸಂಖ್ಯೆ ನಾನೂರನ್ನು ಮೀರುತ್ತದೆ. ಒತ್ತಕ್ಷರಗಳು ಸೇರಿದರೆ ಲೆಕ್ಕವೇ ತಪ್ಪುತ್ತದೆ. ಈ ರೂಪಾಂತರಗಳು ನಿಯಮಬದ್ಧವಾದುವು, ನಿಜ. ಆದರೆ ನಿಯಮಕ್ಕೆ ಅಪವಾದಗಳೂ ಇವೆ. ಕ, ಗ, ತಗಳಿಗೆ ಬಲಗಡೆ ತಗಲುವ ಕೊಂಬು ಪ, ವಗಳಿಗೆ ಬಂದಾಗ ಕೆಳಗಿಳಿಯುತ್ತದೆ; ಇಳಿಯದಿದ್ದಲ್ಲಿ ‘ವು’ ಎಂಬುದಕ್ಕೂ ‘ಮ’ ಎಂಬುದಕ್ಕೂ ಭೇದವೇ ಉಳಿಯದು. ಐತ್ವದ ಒಂದು ಭಾಗ ಅಕ್ಷರದ ನೆತ್ತಿಯ ಮೇಲೆ, ಇನ್ನೊಂದು ಅದರ ಪಾದದಡಿ. ಒತ್ತಕ್ಷರಗಳಲ್ಲಿ ಬಹುಪಾಲು ಮೂಲಾಕ್ಷರದ ತಲಕಟ್ಟಿಲ್ಲದ ಪ್ರತಿರೂಪಗಳಾಗಿದ್ದರೆ, ತ, ನ, ಮ, ಯ, ರ, ಲಗಳ ಒತ್ತುಗಳಿಗೆ ಮೂಲದ ಹೋಲಿಕೆಯೇ ಇಲ್ಲ. ದುರದೃಷ್ಟಕ್ಕೆ, ಕನ್ನಡದಲ್ಲಿ ಅತಿಯಾಗಿ ಬಳಕೆಯಾಗುವವೂ ಇವೇ. ‘ಅಮ್ಮ’, ‘ಅಣ್ಣ’, ‘ಅಕ್ಕ’, ‘ಅಪ್ಪ’ ಎಂಬ ಮನೆಯ ಮೊದಲ ಮಾತುಗಳಲ್ಲೇ ಒತ್ತಕ್ಷರಗಳಿವೆಯೆಂಬುದನ್ನು ನೆನೆದರೆ, ಬಾಯಿಗೆ ಬಂದ ಮೊದಲ ಪದ ಕಣ್ಣಿಗೆ ಕಡೆಯದಾಗುವ ವಿಚಿತ್ರ ಸ್ಥಿತಿ ಮನವರಿಕೆಯಾದೀತು. ಇನ್ನು ಅರ್ಕಾವೊತ್ತಂತೂ ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸುವುದನ್ನು ಆಮೇಲೆ ಬರೆಯಿಸಿ ಎಳೆಯರನ್ನಷ್ಟೇ ಅಲ್ಲ, ಬೆಳೆದವರನ್ನೂ ಕೆಲವೊಮ್ಮೆ ಪರೀಕ್ಷಿಸುತ್ತದೆ.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರು ನಮ್ಮಲ್ಲಿಯೇ ಇದ್ದಾರೆ. 1990ರ ದಶಕದಲ್ಲಿ ಪ್ರತಿಭಾ ಕಾರಂತರೂ ಪಿ. ಪ್ರಕಾಶರೂ ಕನ್ನಡ ಮಕ್ಕಳ ಅಕ್ಷರಾಭ್ಯಾಸವನ್ನು ಅಧ್ಯಯನ ಮಾಡಿ, ಇಂಗ್ಲಿಷಿನ ಆಧಾರದ ಮೇಲೆ ಕಟ್ಟಿದ ಸಿದ್ಧಾಂತಗಳು ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲವೆಂದು ತೋರಿಸಿದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನವು, ಕನ್ನಡದ ಮಗು ಪದವನ್ನು ಅಕ್ಷರಾಂಶಗಳಾಗಿ ಒಡೆಯುವುದನ್ನು ಬೇಗನೆ ಕಲಿಯುತ್ತದೆಂದೂ, ‘ಕಿ’ ಎಂಬುದರಲ್ಲಿ ಕಕಾರ ಇಕಾರಗಳೆರಡನ್ನು ಬೇರೆಬೇರೆಯಾಗಿ ಕೇಳುವ ಶಕ್ತಿ ನಿಧಾನವಾಗಿ ಮೂಡುತ್ತದೆಂದೂ, ಅಕ್ಷರಗಳ ಪೂರ್ಣ ಪರಿಚಯಕ್ಕೆ ನಾಲ್ಕನೆಯ ತರಗತಿಯವರೆಗೂ ಕಾಲ ಬೇಕಾಗಬಹುದೆಂದೂ ನಿರೂಪಿಸಿತು. ಇದರ ತಾತ್ಪರ್ಯ ಗಂಭೀರವಾದದ್ದು. ಮಗುವಿಗೆ ಮೂರು ನಾಲ್ಕು ವರ್ಷಗಳ ಕಾಲ ಅಕ್ಷರಗಳೇ ಕಲಿಯಬೇಕಾದ ವಸ್ತುವಾಗಿರುತ್ತವೆ. ನಮ್ಮ ಪಠ್ಯಪುಸ್ತಕವೋ ಎರಡನೆಯ ವರ್ಷದ ನಡುವಿನಲ್ಲಿಯೇ ಅದು ಮುಗಿದುಹೋಯಿತೆಂದು ಭಾವಿಸಿ ಕಥೆಗೂ ವ್ಯಾಕರಣಕ್ಕೂ ಪ್ರಶ್ನೋತ್ತರಕ್ಕೂ ಹೊರಟುಬಿಡುತ್ತದೆ. ಮಧ್ಯದಲ್ಲಿ ಉಳಿಯುವ ಈ ಎರಡು ವರ್ಷಗಳ ಅಂತರದಲ್ಲಿಯೇ ನಮ್ಮ ಮಕ್ಕಳು ಕಳೆದುಹೋಗುವುದು. ವರ್ಣಮಾಲೆಯನ್ನು ಗಟ್ಟಿಯಾಗಿ ಹೇಳುವ ಮಗುವಿಗೆ ಅಕ್ಷರ ಬಂದಿತೆಂದು ಶಿಕ್ಷಕರೂ ಪೋಷಕರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಉಚ್ಚಾರಣೆಯ ಸ್ಥಾನಗಳನ್ನನುಸರಿಸಿ ಜೋಡಿಸಿದ ಆ ಮಾಲೆ ನಮ್ಮ ಪೂರ್ವಿಕರ ಭಾಷಾಶಾಸ್ತ್ರಪ್ರಜ್ಞೆಗೆ ಹಿಡಿದ ಕನ್ನಡಿಯೆಂಬುದು ನಿರ್ವಿವಾದವಾದರೂ, ಮಾಲೆಯಾಗಿ ಬಂದುದನ್ನು ಬಿಡಿಯಾಗಿ ತೋರಿಸಿದಾಗ ಮಗು ‘ಕ’ದಿಂದ ಮೊದಲ್ಗೊಂಡು ಮನಸ್ಸಿನಲ್ಲಿ ಹೇಳಿಕೊಂಡೇ ‘ಜ’ಕ್ಕೆ ಬರುತ್ತಿದ್ದರೆ, ಅದನ್ನು ಓದೆನ್ನಲಾಗದು.

ಕನ್ನಡ ನಾಡಿನಲ್ಲಿ ಈ ಸತ್ಯವನ್ನು ಮೊದಲು ಅರಿತುಕೊಂಡದ್ದು ಸಂಶೋಧಕರಲ್ಲ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲಾಶಿಕ್ಷಕರು. 1995ರ ಸುಮಾರಿಗೆ ಅವರಲ್ಲಿ ಕೆಲವರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮೀಣ ಶಾಲೆಗಳಲ್ಲಿ ಬಿಡಿ ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತಿದ್ದುದನ್ನು ಕಂಡುಬಂದರು. ಹಾಗೆ ಹುಟ್ಟಿದ್ದು ‘ನಲಿ-ಕಲಿ’. ಅದರಲ್ಲಿ ವರ್ಣಮಾಲೆಯ ಕ್ರಮವನ್ನು ಕೈಬಿಟ್ಟು, ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸಿದರು. ಐದೇ ಅಕ್ಷರಗಳು ಬರುತ್ತಲೇ ಮಗು ಸರ, ದರ, ಅರಸ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಓದಬಲ್ಲದು. ಆಮೇಲೆ ಜ, ವ, ಮ, ಬ, ನ. ಕಲಿಕೆಯ ಹಾದಿಯನ್ನು ಏಣಿಯಾಗಿ, ಏಣಿಯನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಯಾವ ಮಗು ಯಾವ ಮೆಟ್ಟಿಲಿನಲ್ಲಿದೆಯೋ ಅಲ್ಲಿಂದಲೇ ಮುಂದುವರಿಯುವಂತೆ, ನಾಲ್ಕು ದಿನ ಶಾಲೆಗೆ ಬಾರದಿದ್ದರೂ ಬಿಟ್ಟಲ್ಲಿಂದ ಹಿಡಿಯುವಂತೆ ಏರ್ಪಡಿಸಿದರು. ಶಿಕ್ಷಕರ ಸಂಪೂರ್ಣ ನೆರವು ಬೇಕಾದವರೊಂದು ಗುಂಪು, ಅರೆನೆರವು ಸಾಕಾದವರೊಂದು, ಸಹಪಾಠಿಯ ನೆರವಿನಿಂದ ಕಲಿಯುವವರು, ಸ್ವತಃ ಕಲಿಯುವವರು ಎಂದು ತರಗತಿಯೇ ನೆರವಿನ ಪ್ರಮಾಣಕ್ಕನುಗುಣವಾಗಿ ಕುಳಿತುಕೊಳ್ಳುತ್ತಿತ್ತು. ಕೂಲಿಮಠದ ಒಳ್ಳೆಯ ಗುಣವೊಂದು ಬೆತ್ತವಿಲ್ಲದೆ ಮರಳಿ ಬಂದಂತಾಯಿತು. 2009-10ರಲ್ಲಿ ರಾಜ್ಯದ ಸರ್ಕಾರೀ ಕನ್ನಡ ಶಾಲೆಗಳೆಲ್ಲಕ್ಕೂ ಇದನ್ನು ವಿಸ್ತರಿಸಲಾಯಿತು.

ಹೀಗಿದ್ದೂ ಅಂಕಿಗಳು ಮೇಲೆ ಹೇಳಿದಂತಿರುವುದೇಕೆ? ನಲಿ-ಕಲಿಯನ್ನು ಹೊಗಳುವವರೂ ತೆಗಳುವವರೂ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದಂತೆ ಕಾಣುವುದಿಲ್ಲ. ಒಂದು ತಾಲ್ಲೂಕಿನ ಶಿಕ್ಷಕರು ತಾವೇ ಕಾರ್ಡು ಬರೆದು, ತಾವೇ ಚರ್ಚಿಸಿ ಕಟ್ಟಿದ್ದು ಆಜ್ಞೆಯ ರೂಪದಲ್ಲಿ ಸಾವಿರಾರು ಶಾಲೆಗಳಿಗೆ ಹೋದಾಗ, ಕಾರ್ಡು ಹೋಯಿತು, ಅದರ ಹಿಂದಿನ ಕಣ್ಣು ಹೋಗಲಿಲ್ಲ. ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿಕೊಂಡ ಒಬ್ಬಳೇ ಶಿಕ್ಷಕಿ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆಯ ಕೆಲಸಗಳ ನಡುವೆ ಪ್ರತಿ ಮಗುವಿನ ಮೆಟ್ಟಿಲನ್ನು ಗುರುತುಹಾಕುತ್ತ ಹೋದರೆ, ಆ ಗುರುತು ಮಗುವಿನ ಪ್ರಗತಿಯನ್ನು ತೋರಿಸುವ ಬದಲು ಇನ್‌ಸ್ಪೆಕ್ಟರ ಭೇಟಿಯನ್ನು ತೋರಿಸಲಾರಂಭಿಸುತ್ತದೆ. ಸ್ವಕಲಿಕೆಯ ಗುಂಪು ಕೆಲವೆಡೆ ಯಾರೂ ನೋಡದ ಗುಂಪೆಂದೇ ಆಯಿತು. ಏಣಿಯ ಕೊನೆಯ ಮೆಟ್ಟಿಲನ್ನು ಮುಟ್ಟದ ಮಗುವೂ ನಾಲ್ಕನೆಯ ತರಗತಿಗೆ ಹೋಗಲೇಬೇಕು. ಅಲ್ಲಿ ಕಾರ್ಡಿಲ್ಲ, ಏಣಿಯಿಲ್ಲ, ದಪ್ಪ ಪುಸ್ತಕವಿದೆ. ಕ್ರಮ ಕೆಟ್ಟದ್ದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕ್ರಮಕ್ಕೆ ಜನವನ್ನೂ ಕಾಲವನ್ನೂ ಕೊಡಲಿಲ್ಲವೆಂದು ಸಿದ್ಧವಾಗುತ್ತದೆ.

ಕಾಲವನ್ನು ಕೊಡುವುದೆಂದರೇನು ಎಂಬುದನ್ನು ಪಶ್ಚಿಮ ಮತ್ತು ಉತ್ತರ ಭಾರತದ ಕೆಲವು ಪ್ರಯೋಗಗಳು ಬಹು ಸ್ಪಷ್ಟವಾಗಿ ತೋರಿಸಿವೆ. 2001ರಿಂದ ವಡೋದರಾ ಮತ್ತು ಮುಂಬಯಿಗಳಲ್ಲಿ ‘ಬಾಲಸಖಿ’ಯರೆಂಬ, ಆಯಾ ಬಡಾವಣೆಯವರೇ ಆದ ತರುಣಿಯರು, ಮೂರು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಮಕ್ಕಳನ್ನು ಸಣ್ಣ ಗುಂಪಾಗಿ ದಿನಕ್ಕೆರಡು ಗಂಟೆ ಹೊರಗೆ ಕರೆದೊಯ್ದು ಕಲಿಸಿದಾಗ, ಅತ್ಯಂತ ದುರ್ಬಲರೇ ಅತ್ಯಂತ ಹೆಚ್ಚು ಮುಂದುವರಿದರು. ಮುಂದೆ 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದನ್ನೂ, ಇದರಿಂದ ಬೆಳೆದ ‘ಮಟ್ಟಕ್ಕೆ ತಕ್ಕ ಬೋಧನೆ’ಯನ್ನೂ ಅನೇಕ ವರ್ಷಗಳ ಕಾಲ ಪರೀಕ್ಷಿಸಿದರು. ಅವರ ಕಾಣ್ಕೆಗಳಲ್ಲಿ ಬಿಹಾರದ್ದು ನನಗೆ ಎಲ್ಲಕ್ಕಿಂತ ಬೋಧಪ್ರದವಾಗಿ ತೋರುತ್ತದೆ. ಅಲ್ಲಿಯ ಸರ್ಕಾರೀ ಶಿಕ್ಷಕರು ಬೇಸಗೆಯ ರಜೆಯ ಶಿಬಿರದಲ್ಲಿ ಈ ಕ್ರಮದಿಂದ ಕಲಿಸಿದಾಗ ಮಕ್ಕಳು ಕಲಿತರು; ಅದೇ ತರಬೇತಿಯನ್ನೂ ಸಾಮಗ್ರಿಯನ್ನೂ ಶಾಲೆಯ ವರ್ಷದಲ್ಲಿ ಶಿಕ್ಷಕರಿಗೆ ಕೊಟ್ಟಾಗ ಏನೂ ಆಗಲಿಲ್ಲ. ರಜೆಯಲ್ಲಿ ಅವರ ಮುಂದೆ ಮಗುವಿತ್ತು, ಶಾಲೆ ತೆರೆದ ಮೇಲೆ ಮುಗಿಸಬೇಕಾದ ಪಾಠಗಳಿದ್ದುವು. ಹರಿಯಾಣದಲ್ಲಿ ಶಾಲಾದಿನದೊಳಗೇ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ತರಗತಿಗಳನ್ನು ಒಡೆದು ಮಟ್ಟಕ್ಕನುಸಾರವಾಗಿ ಕೂರಿಸಿ, ಮೇಲ್ವಿಚಾರಕರು ಬಂದು ನೋಡುವಂತೆ ಮಾಡಿದಾಗ ಆ ಶಿಕ್ಷಕರಿಂದಲೇ ಫಲ ದೊರೆಯಿತು. ಉತ್ತರ ಪ್ರದೇಶದಲ್ಲಿ ಹತ್ತು ಹತ್ತು ದಿನಗಳ ಶಿಬಿರಗಳು ನಡೆದ ಶಾಲೆಗಳಲ್ಲಿ ನಾಲ್ಕು ಸಾಲನ್ನಾಗಲಿ ಕಥೆಯನ್ನಾಗಲಿ ಓದಬಲ್ಲ ಮಕ್ಕಳು ಇತರ ಶಾಲೆಗಳಲ್ಲಿದ್ದುದಕ್ಕಿಂತ ಸುಮಾರು ಇಮ್ಮಡಿಯಾದರು. ನಮ್ಮಲ್ಲಿಯೂ ನಾಲ್ಕು ಐದನೆಯ ತರಗತಿಗಳಿಗಾಗಿ ‘ಓದು ಕರ್ನಾಟಕ’, ಸಾಂಕ್ರಾಮಿಕಾನಂತರ 2022-23ರಲ್ಲಿ ‘ಕಲಿಕಾ ಚೇತರಿಕೆ’ ಬಂದುವು. ಇವುಗಳ ಉಪಯುಕ್ತತೆಯನ್ನು ಯಾರೂ ನಿರಾಕರಿಸಲಾರರು. ಆದರೆ ಇವುಗಳಲ್ಲಿ ಬಹುಪಾಲು ಮೂರನೆಯ ತರಗತಿಯಿಂದಾಚೆಗೆ, ಮಗು ತಾನು ದಡ್ಡನೆಂದು ನಂಬಿದ ಮೇಲೆ, ಆರಂಭವಾಗುವ ಚಿಕಿತ್ಸೆಗಳೆಂಬುದನ್ನು ಮರೆಯಬಾರದು. ಎಡವುವುದು ಎರಡನೆಯ ತರಗತಿಯ ಕಾಗುಣಿತದಲ್ಲಿ, ಎತ್ತಿ ನಿಲ್ಲಿಸಲು ಜನ ಬರುವುದು ಐದನೆಯದರಲ್ಲಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯು ಮೂರನೆಯ ತರಗತಿಯೊಳಗೆ ಎಲ್ಲ ಮಕ್ಕಳಿಗೂ ಓದು ಬರಬೇಕೆಂದು 2026-27ನ್ನು ಗಡುವಾಗಿ ಇರಿಸಿಕೊಂಡಿತು. ಗಮನವನ್ನು ಕೆಳಗಿನ ತರಗತಿಗಳಿಗೆ ತಂದದ್ದು ಅದರ ದೊಡ್ಡ ಉಪಕಾರ. ಎರಡನೆಯ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು ಓದಬೇಕೆಂದು ಅದು ಗೊತ್ತುಮಾಡಿದ ಅಳತೆ ಮಾತ್ರ ಚಿಂತನೀಯ. ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ನಾಲ್ಕೈದು ಪದಗಳಲ್ಲಿ ಹರಡುವ ಅರ್ಥವನ್ನು ಕನ್ನಡ ‘ಹೋಗಬೇಕಾಗಿದ್ದವನು’ ಎಂದು ಒಂದೇ ಪದದಲ್ಲಿ ಕಟ್ಟಿ ಕೊಡುತ್ತದೆ. 2022ರಲ್ಲಿ ನಡೆದ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನವು ಇಪ್ಪತ್ತು ಭಾಷೆಗಳಿಗೆ ಬೇರೆಬೇರೆಯಾಗಿ ಮಟ್ಟಗಳನ್ನು ನಿಗದಿಮಾಡಿದ್ದು ಈ ದೃಷ್ಟಿಯಿಂದ ವಿವೇಕದ ಕೆಲಸ. ಗಡಿಯಾರವನ್ನು ಹಿಡಿದು ಓದಿಸುವ ಅಭ್ಯಾಸವೇ ತರಗತಿಯಲ್ಲಿ ಬೇರೂರಿದಲ್ಲಿ, ನಿಧಾನವಾಗಿಯಾದರೂ ಸರಿಯಾಗಿ ಓದುವ ಮಗುವನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿಬಿಡುವ ಅಪಾಯವೂ ಉಂಟು.

ಮನೆಯ ಮಾತಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ತುಳು, ಕೊಂಕಣಿ, ಕೊಡವ, ಉರ್ದು, ತೆಲುಗು, ಲಂಬಾಣಿಗಳ ಮನೆಯಿಂದ ಬರುವ ಮಗುವಿಗೆ ಕನ್ನಡವೇ ಹೊಸತು. ಅಕ್ಷರವನ್ನು ಕೂಡಿಸಿ ಓದಿದ ಪದಕ್ಕೆ ಅದರ ಮನಸ್ಸಿನಲ್ಲಿ ಉತ್ತರಕೊಡುವ ಅರ್ಥವಿರುವುದಿಲ್ಲ. ಇಂತಹವರಿಗೆ ಮೊದಲು ಬೇಕಾದದ್ದು ಮಾತು, ಕಥೆ, ಹಾಡು, ಆಮೇಲೆ ಅಕ್ಷರ. ಕನ್ನಡದ ಮನೆಯ ಮಗುವಾದರೂ ಪುಸ್ತಕದ ಕನ್ನಡವನ್ನು ಆಡುವುದಿಲ್ಲ. ಹಳೆಯ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದೋದಿದರೆ, ಧಾರವಾಡದ ಕಡೆಯ ಮಗು ‘ಹೋಗುತ್ತಾನೆ’ ಎಂಬುದನ್ನು ‘ಹೋಗ್ತಾನ’ ಎಂದರೆ, ಅದು ಓದಿನ ತಪ್ಪಲ್ಲ. ಸರಿಯಾಗಿ ಓದಿ, ತಿಳಿದು, ತನ್ನ ಮಾತಿನಲ್ಲಿ ನುಡಿದುದರ ಗುರುತು. ಅದನ್ನು ತಪ್ಪೆಂದು ತಿದ್ದುವ ಶಿಕ್ಷಕನು, ‘ಮರ’ ಎಂಬುದನ್ನು ‘ಮನೆ’ ಎಂದು ಚಿತ್ರ ನೋಡಿ ಊಹಿಸಿದವನ ನಿಜವಾದ ತಪ್ಪಿಗೂ ಇದಕ್ಕೂ ಭೇದವನ್ನರಿಯದೆ, ಇಬ್ಬರಿಗೂ ಒಂದೇ ಔಷಧವನ್ನು ಕೊಡುತ್ತಾನೆ. ಯಾವ ತಪ್ಪು ಎಲ್ಲಿಂದ ಬಂದಿತೆಂಬುದನ್ನು ಗುರುತಿಸಬಲ್ಲ ಕಿವಿ ಶಿಕ್ಷಕನಿಗಿಲ್ಲದಿದ್ದಲ್ಲಿ ಎಷ್ಟು ಬೋಧನೋಪಕರಣಗಳಿದ್ದೂ ಪ್ರಯೋಜನವಿಲ್ಲ.

ದೇಹದ ಕಾರಣಗಳೂ ಇವೆ. ಕಣ್ಣು ಮಂದವಾಗಿರುವ, ಕಿವಿ ಸೋರುವ ಮಗುವನ್ನು ವರ್ಷಗಟ್ಟಲೆ ‘ಗಮನವಿಲ್ಲ’ವೆಂದು ಬೈಯುವ ಮೊದಲು ಪರೀಕ್ಷೆಮಾಡಿಸಬೇಕೆಂಬುದನ್ನು ಹೇಳಬೇಕಾಗಿಯೇ ಇರಬಾರದು. ಸ್ವಲ್ಪಮಂದಿ ಮಕ್ಕಳಿಗೆ ಕಲಿಕೆಯ ವಿಶಿಷ್ಟ ನ್ಯೂನತೆ ಹುಟ್ಟಿನಿಂದಲೇ ಬಂದಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದನ್ನು ಗುರುತಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸೂ ಅದನ್ನು ಪರೀಕ್ಷಿಸುತ್ತವೆ. ಆದರೆ ಸರಿಯಾಗಿ ಕಲಿಸದ ಕಾರಣ ಓದು ಬಾರದವರನ್ನೆಲ್ಲ ಈ ಹೆಸರಿನ ಕೆಳಗೆ ತರುವ ಹೊಸ ಗೀಳಿಗೆ ನಾವು ಎಡೆಕೊಡಬಾರದು. ಒಳ್ಳೆಯ ಬೋಧನೆಯನ್ನು ದಿನವೂ ಕೆಲವು ತಿಂಗಳು ಕೊಟ್ಟು ನೋಡಿದ ಮೇಲೂ ಕದಲದ ಮಗುವನ್ನು ವೈದ್ಯನ ಬಳಿಗೆ ಕಳುಹಿಸುವುದು ಯುಕ್ತ.

ಇನ್ನು ಪುಸ್ತಕಗಳು. ಪಂಜೆ ಮಂಗೇಶರಾಯರೂ ರಾಜರತ್ನಂ ಅವರೂ ಶಿವರಾಮ ಕಾರಂತರೂ ಮಕ್ಕಳಿಗಾಗಿ ಬರೆಯುವುದನ್ನು ತಮ್ಮ ಘನತೆಗೆ ಕುಂದೆಂದೆಣಿಸದ ನಾಡಿನಲ್ಲಿ, ಎರಡನೆಯ ತರಗತಿಯ ಮಗುವಿಗೆ ತಾನೇ ಓದಿಕೊಳ್ಳಲು ತಕ್ಕ ಪುಸ್ತಕ ಹಳ್ಳಿಯ ಶಾಲೆಯಲ್ಲಿ ಸಿಗುವುದು ಇಂದಿಗೂ ದುರ್ಲಭ. ಸಿಕ್ಕ ಪುಸ್ತಕಗಳನ್ನೂ ಹರಿದುಹೋದಾವೆಂದು ಬೀರುವಿಗೆ ಬೀಗ ಹಾಕಿಡುವುದುಂಟು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ‘ಸ್ಟೋರಿವೀವರ್’ ಮೂಲಕ ಓದಿನ ಮಟ್ಟವನ್ನು ಗುರುತಿಸಿದ ಕನ್ನಡ ಕಥೆಗಳನ್ನು ಉಚಿತವಾಗಿ ದೊರಕಿಸುತ್ತಿರುವುದೂ, 2020ರಲ್ಲಿ ರಾಜ್ಯ ಸರ್ಕಾರವು ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಗ್ರಾಮಪಂಚಾಯತಿಯ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆದುದೂ ಈಚಿನ ಶುಭವಾರ್ತೆಗಳು. ಈ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ.

ಇಷ್ಟನ್ನು ಪರಿಶೀಲಿಸಿದ ಮೇಲೆ, ಈ ಲೇಖಕನ ಅಭಿಪ್ರಾಯದಲ್ಲಿ, ಹೊಸ ಹೆಸರಿನ ಇನ್ನೊಂದು ಯೋಜನೆ ನಮಗೆ ಬೇಕಾಗಿಲ್ಲ. ಒಂದು ಮತ್ತು ಎರಡನೆಯ ತರಗತಿಗಳಿಗೆ ಶಾಲೆಯ ಅತ್ಯಂತ ಅನುಭವಿಯಾದ ಶಿಕ್ಷಕರನ್ನು ನಿಯಮಿಸಿ, ಮೂರು ತರಗತಿಗಳ ಹೊರೆಯಿಂದಲೂ ಗಣತಿಯ ಕೆಲಸದಿಂದಲೂ ಅವರನ್ನು ಬಿಡುಗಡೆಮಾಡಬೇಕು. ಪ್ರತಿದಿನವೂ ಅರ್ಧ ಗಂಟೆಯನ್ನು ಹಿಂದುಳಿದ ಐದಾರು ಮಕ್ಕಳಿಗೆಂದೇ ಶಾಲೆಯ ವೇಳಾಪಟ್ಟಿಯಲ್ಲಿ ಮುದ್ರಿಸಿ, ಪಾಠ ಮುಗಿಯಲಿಲ್ಲವೆಂಬ ನೆಪದಿಂದ ಯಾರೂ ಅದನ್ನು ಮುಟ್ಟದಂತೆ ಮಾಡಬೇಕು. ಕಾಗುಣಿತ ಒತ್ತಕ್ಷರಗಳ ಬೋಧನೆಯನ್ನು ನಾಲ್ಕನೆಯ ತರಗತಿಯ ಕೊನೆಯವರೆಗೂ ಪಠ್ಯಕ್ರಮದಲ್ಲಿ ಉಳಿಸಿ, ಅಲ್ಲಿಯವರೆಗೂ ಅದು ಮಗುವಿನ ನಾಚಿಕೆಯ ವಿಷಯವಾಗದಂತೆ ನೋಡಿಕೊಳ್ಳಬೇಕು. ಇದಕ್ಕೆ ತಗಲುವ ಹಣ ಮುಂದೆ ಪರಿಹಾರಬೋಧನೆಯ ಹೆಸರಿನಲ್ಲಿ ವೆಚ್ಚವಾಗುವುದಕ್ಕಿಂತ ಹೆಚ್ಚಾಗಲಾರದು. ಇಲಾಖೆಯು ಇದನ್ನು ಮಾಡುವವರೆಗೆ, ತಮ್ಮ ಊರಿನ ಅರಿವು ಕೇಂದ್ರದಲ್ಲಿ ಸಂಜೆಯ ಒಂದು ಗಳಿಗೆ ಕುಳಿತು, ಎರಡನೆಯ ತರಗತಿಯ ಮಗುವೊಂದು ಗಟ್ಟಿಯಾಗಿ ಓದುವುದನ್ನು ಬೈಯದೆ ಕೇಳಬಲ್ಲ ಓದುಗರು ಇದ್ದಲ್ಲಿ, ದಯಮಾಡಿ ನಾಳೆಯೇ ಹೋಗಬೇಕೆಂದು ಬೇಡುತ್ತೇನೆ.